ಬರ್ಲಿನ್‌ಗೆ ಹೋದರೆ ಗೋಡೆ ಒಂದನ್ನೇ ನೋಡಿ ಬರಬೇಡಿ

ಬರ್ಲಿನ್‌ಗೆ ಹೋದವರೆಲ್ಲ ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಮೊದಲ ದಿನ ನಾವೂ ಅದನ್ನೇ ಮಾಡಿದೆವು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರಕ್ಕೆ ಅಲ್ಲೇ ಇದ್ದುಕೊಂಡು ಎದುರು ನಿಂತವರ ಕಥೆ ಬೇಕಿದ್ದರೆ ಇನ್ನೆರಡು ದಿನ ಎತ್ತಿಡಿ.

ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ ಯು-5 ಮೆಟ್ರೋ ಹತ್ತಿ ಮಾಗ್ಡಲೇನೆನ್‌ಷ್ಟ್ರಾಸೆಯಲ್ಲಿ ಇಳಿಯಿರಿ. ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮ್‌ನಲ್ಲಿರುವ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಮರೆತರೆ ದಂಡ ಗ್ಯಾರಂಟಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಗುಪ್ತ ಪೊಲೀಸರಾದ ಸ್ಟಾಸಿಯ ಹಳೇ ಕೇಂದ್ರ ಕಚೇರಿ, ಈಗ ಮ್ಯೂಸಿಯಂ. ಕಡತಗಳನ್ನು ನಾಶ ಮಾಡುತ್ತಿದ್ದಾರೆ ಅಂತ ಗೊತ್ತಾಗಿ, 1990ರ ಜನವರಿ 15ರಂದು ಜನ ನುಗ್ಗಿದ್ದು ಇಲ್ಲಿಗೇ. ಪೂರ್ವ ಜರ್ಮನಿಯಲ್ಲೆಲ್ಲ ಹಾಗೆ ಉಳಿದ ಸ್ಟಾಸಿ ಕಡತಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 111 ಕಿಲೋಮೀಟರ್ ಆಗುತ್ತದಂತೆ. ಬೆಂಗಳೂರಿನಿಂದ ಹೊರಟರೆ ಮಂಡ್ಯ ದಾಟಬಹುದು! 1992ರಿಂದ ಜನ ತಮ್ಮ ಮೇಲಿದ್ದ ಕಡತವನ್ನು ತಾವೇ ಓದಬಹುದಾಯಿತು.

ಮ್ಯೂಸಿಯಂನಲ್ಲಿ ಎಲ್ಲರೂ ಮುಗಿಬೀಳುವುದು ಸ್ಟಾಸಿಯ ಮುಖ್ಯಸ್ಥನಾಗಿದ್ದ ಮಂತ್ರಿ ಎರಿಶ್ ಮೀಲ್ಕೆಯ ಕೋಣೆಗೆ. ಅವನ ಬೆಳಗಿನ ತಿಂಡಿಗೆ ತಟ್ಟೆ ಎಲ್ಲಿರಬೇಕು, ಮೊಟ್ಟೆ ಎಲ್ಲಿಡಬೇಕು ಅಂತ ಕಾರ್ಡಿನ ಮೇಲೆ ಚಿತ್ರ ಬರೆದಿಟ್ಟಿದ್ದಾರೆ. ನಗು ಬರುತ್ತದೆ, ಆಮೇಲೆ ಸ್ವಲ್ಪ ಹೆದರಿಕೆಯೂ ಆಗುತ್ತದೆ. ಹೂಗಿಡಕ್ಕೆ ನೀರು ಹಾಕುವ ಕ್ಯಾನಿನಲ್ಲಿ ಅಡಗಿಸಿದ ಕ್ಯಾಮೆರಾ ಬಿಟ್ಟು ಬರಬೇಡಿ.

ನೋಡಿ ಮುಗಿಯಿತು ಅಂತ ಅಲ್ಲಿಂದಲೇ ವಾಪಸ್ ಹೊರಡಬೇಡಿ, ಅಂಗಳಕ್ಕೆ ಇಳಿಯಿರಿ. ಅಲ್ಲಿ 1989ರ ಕ್ರಾಂತಿ ಮತ್ತು ಗೋಡೆ ಬಿದ್ದ ದಿನಗಳ ಬಯಲು ಪ್ರದರ್ಶನವಿದೆ, ಪುಕ್ಕಟೆ. ಇದನ್ನು ಮಾಡಿದ್ದು ರಾಬರ್ಟ್ ಹಾವೆಮನ್ ಸೊಸೈಟಿ. ಹಾವೆಮನ್ ನಾಜಿಗಳಿಂದ ಮರಣದಂಡನೆ ಪಡೆದೂ ಬದುಕುಳಿದ ಕಮ್ಯುನಿಸ್ಟ್. ಕೊನೆಗೆ ಅವರನ್ನು ಗೃಹಬಂಧನದಲ್ಲಿಟ್ಟಿದ್ದು ಕಮ್ಯುನಿಸ್ಟ್ ಸರ್ಕಾರವೇ! ವಿರೋಧಿಗಳು ಬಚ್ಚಿಟ್ಟಿದ್ದ ಕರಪತ್ರ, ಫೋಟೋ, ಕಳ್ಳ ಪತ್ರಿಕೆಗಳನ್ನು ಈ ಸೊಸೈಟಿ 1990ರಿಂದ ಕೂಡಿಡುತ್ತಿದೆ. ಸ್ಟಾಸಿ ಕಡತದಲ್ಲಿ ಸಿಗುವುದು ಪೊಲೀಸರು ಕಂಡಷ್ಟು. ಈ ವಿರೋಧಿಗಳು ರಾತ್ರಿಯೆಲ್ಲ ಕೂತು ಏನು ಮಾತಾಡಿದರು, ಯಾಕೆ ಜಗಳವಾಡಿದರು ಅನ್ನೋದು ಅವರದೇ ಕಾಗದಗಳಲ್ಲಿ ಸಿಗಬೇಕು, ಅಲ್ವಾ?

ಎರಡನೇ ದಿನ ಸ್ಟಾಸಿಯ ಹಳೇ ಹೋಹೆನ್‌ಶೋನ್‌ಹೌಸೆನ್ ಜೈಲು. ಎಂ-5 ಟ್ರಾಮ್‌ನಲ್ಲಿ ಹೋಗಿ ಫ್ರೈಯನ್‌ವಾಲ್ಡರ್ ಷ್ಟ್ರಾಸೆಯಲ್ಲಿ ಇಳಿದು ನಡೆಯಬೇಕು. ಇಂಗ್ಲಿಷ್ ಟೂರ್‌ನ ಸಮಯ ಮೊದಲೇ ನೋಡಿ ಬುಕ್ ಮಾಡಿಕೊಳ್ಳಿ. ನಾವು ಸುಮ್ನೆ ಹೋಗಿ ಎರಡು ಗಂಟೆ ಹೊರಗೆ ಕೂತೆವು, ತಪ್ಪು ನಮ್ಮದೇ. ಕೋಟು, ಸ್ವೆಟರ್ ಇರಲಿ, ನೆಲಮಾಳಿಗೆಯ ಕೋಣೆಗಳಲ್ಲಿ ಥಂಡಿ ಜಾಸ್ತಿ.

ನಮಗೆ ಗೈಡ್ ಆಗಿ ಬಂದವರು ಇದೇ ಜೈಲಿನಲ್ಲಿ ಕೂತಿದ್ದವರು. ಓಣಿಯಲ್ಲಿ ಟ್ರಾಫಿಕ್ ಸಿಗ್ನಲ್ ಥರ ಕೆಂಪು ದೀಪ ಇದೆ. ಒಬ್ಬ ಖೈದಿಯನ್ನು ಕರೆದೊಯ್ಯುವಾಗ ಇನ್ನೊಬ್ಬ ಎದುರು ಬರಬಾರದು, ಅದಕ್ಕೆ. ಎಷ್ಟೋ ತಿಂಗಳು ಇನ್ನೊಬ್ಬ ಖೈದಿಯ ಮುಖ ನೋಡದವರಿದ್ದರಂತೆ. ನಮ್ಮ ಗೈಡ್ ಮಾತಾಡುತ್ತಾ ಆ ದೀಪದ ಕೆಳಗೆ ನಿಲ್ಲಲೇ ಇಲ್ಲ, ಸ್ವಲ್ಪ ದೂರ ಹೋಗಿ ನಿಂತರು.

ಮಧ್ಯಾಹ್ನ ಉಳಿದರೆ ಎಂ-1 ಟ್ರಾಮ್‌ನಲ್ಲಿ ತ್ಸಿಯೋನ್ ಚರ್ಚ್‌ಗೆ ಹೋಗಿ. ಪಕ್ಕದ ಬೀದಿಯಲ್ಲಿ ಚರ್ಚಿಗೆ ಸೇರಿದ ಮನೆಯ ನೆಲಮಾಳಿಗೆಯಲ್ಲಿ 1986ರಿಂದ ಸರ್ಕಾರದ ವಿರೋಧಿಗಳ 'ಪರಿಸರ ಗ್ರಂಥಾಲಯ' ನಡೆಯುತ್ತಿತ್ತು. ಸರ್ಕಾರದ ಅನುಮತಿಯ ತಂಟೆ ತಪ್ಪಲಿ ಅಂತ, 'ಚರ್ಚಿನ ಒಳಗಿನ ಬಳಕೆಗೆ ಮಾತ್ರ' ಎಂದು ಮೇಲೆ ಬರೆದು ಪತ್ರಿಕೆ ಅಚ್ಚು ಹಾಕುತ್ತಿದ್ದರು. ನಮ್ಮಪ್ಪ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಇದೆಯಲ್ಲ, ಹೆಚ್ಚುಕಡಿಮೆ ಅಂಥದ್ದೇ ಮೆಷಿನ್. ಕೈಗೆ ಮಸಿ ಅಂಟಿದರೆ ಎರಡು ದಿನ ಹೋಗುತ್ತಿರಲಿಲ್ಲ. 1987ರ ನವೆಂಬರ್‌ನಲ್ಲಿ ಒಂದು ರಾತ್ರಿ ಸ್ಟಾಸಿ ದಾಳಿ ಮಾಡಿತು. ಅವರು ಹುಡುಕಿದ್ದು 'ಗ್ರೆಂಟ್ಸ್‌ಫಾಲ್' ಎಂಬ ಕಳ್ಳ ಪತ್ರಿಕೆಯನ್ನು, ಸಿಕ್ಕಿದ್ದು ಚರ್ಚಿನ ಹೆಸರಿನ ಪತ್ರಿಕೆ. ಆದರೂ ಮೆಷಿನ್‌ಗಳನ್ನು ಹೊತ್ತೊಯ್ದರು, ಹುಡುಗರನ್ನು ಹಿಡಿದರು. ಜನ ಮೇಣದಬತ್ತಿ ಹಚ್ಚಿಕೊಂಡು ಚರ್ಚಿನಲ್ಲಿ ಕೂತರು. ಕೆಲವೇ ದಿನಗಳಲ್ಲಿ ಎಲ್ಲರನ್ನೂ ಬಿಡಬೇಕಾಯಿತು.

ಇನ್ನೂ ಒಂದು ದಿನ ಇದ್ದರೆ ಲೈಪ್‌ಜಿಗ್‌ಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ. 1989ರ ಅಕ್ಟೋಬರ್ 9ರಂದು ಸುಮಾರು 70,000 ಜನ ಸರ್ಕಾರದ ವಿರುದ್ಧ ಬೀದಿಗಿಳಿದ ಊರು ಅದು. ನಿಕೊಲಾಯ್ ಚರ್ಚ್‌ನಿಂದ ಹಳೇ ಸ್ಟಾಸಿ ಕಚೇರಿಗೆ ನಡೆದೇ ಹೋಗಿ. ಅವತ್ತು ಜನ ಹೋಗಿದ್ದು ಊರಿನ ಸುತ್ತಿನ ರಿಂಗ್ ರಸ್ತೆಯಲ್ಲಿ. ಅದರಲ್ಲೇ ಸುತ್ತು ಹಾಕುವ ಆಸೆಯಿದ್ದರೆ ಒಳ್ಳೇ ಶೂ ಹಾಕಿಕೊಳ್ಳಿ. ನಾನು ಚಪ್ಪಲಿಯಲ್ಲಿ ಹೋಗಿ ಅರ್ಧಕ್ಕೇ ಟ್ರಾಮ್ ಹತ್ತಿದೆ.