ಸೊಂಟದಲ್ಲಿ ಸುತ್ತಿಗೆ ಇದ್ದ ದಿನ

ನಾನು ಸಕಲೇಶಪುರದ ಕಡೆಯವನು. ಎಂ.ಎಸ್ಸಿ. ಭೂವಿಜ್ಞಾನಕ್ಕೆ ಸೇರಿದ ಮೊದಲ ವಾರ ಸ್ಟ್ರಕ್ಚರಲ್ ಜಿಯಾಲಜಿ ಮೇಷ್ಟ್ರು ಕ್ಲಾಸಿಗೆ ಬಂದು, 'ಪರ್ವತ ಯಾರ್ಯಾರು ನೋಡಿದ್ದೀರಿ?' ಎಂದು ಕೇಳಿದರು. ಜಂಬದಿಂದ ಎದ್ದು ನಿಂತೆ. 'ನಮ್ಮನೆ ಹಿಂದೇನೇ ಪಶ್ಚಿಮ ಘಟ್ಟ ಸಾರ್.'

'ಅದು ಅಂಚು ಕಣಯ್ಯ. ಪ್ರಸ್ಥಭೂಮಿ ಕಡಲ ಕಡೆಗೆ ಮುರಿದು ನಿಂತ ಅಂಚು. ಪರ್ವತ ನೋಡಬೇಕು ಅಂದ್ರೆ ಚಿತ್ರದುರ್ಗಕ್ಕೆ ಹೋಗು.'

ಕ್ಲಾಸೆಲ್ಲ ನಕ್ಕಿತು. ಚಿತ್ರದುರ್ಗದ ಹುಡುಗ ಒಬ್ಬನಿದ್ದ, ಅವನೇ ಜಾಸ್ತಿ ನಕ್ಕ. ಮೇಷ್ಟ್ರು ಮಾತ್ರ ನಗಲಿಲ್ಲ, ಬೋರ್ಡಿನ ಕಡೆ ತಿರುಗಿದರು.

ಎರಡನೇ ವರ್ಷ ಹಿಮಾಲಯದ ಫೀಲ್ಡ್ ಟ್ರಿಪ್. ಎರಡು ರಾತ್ರಿ ರೈಲಿನಲ್ಲಿ ಪುಳಿಯೋಗರೆ ತಿಂದು ದೆಹಲಿ, ಅಲ್ಲಿಂದ ಕಾಲ್ಕಾ. ಶಿಮ್ಲಾಕ್ಕೆ ಟಾಯ್ ಟ್ರೈನಿನಲ್ಲಿ ಹೋಗುತ್ತೇವೆ ಅಂದುಕೊಂಡಿದ್ದೆವು. ಮೇಷ್ಟ್ರು ಟೆಂಪೋ ಮಾಡಿಸಿದ್ದರು. ರೈಲು ನಾವು ಹೇಳಿದ ಕಡೆ ನಿಲ್ಲುವುದಿಲ್ಲ, ಅಲ್ವಾ?

ಆ ರಸ್ತೆಯಲ್ಲಿ ಕಲ್ಲುಗಳಿಗೆ ಊರುಗಳ ಹೆಸರೇ ಇದೆ: ಸುಬಾಥು, ಡಗ್ಶಾಯಿ, ಕಸೌಲಿ, ಮೂರೂ ದಂಡು ಪ್ರದೇಶಗಳು. ಸುಬಾಥುವಿನದು ಹಸಿರು ಛಾಯೆಯ ಜೇಡಿಕಲ್ಲು, ನಡುನಡುವೆ ಸುಣ್ಣಕಲ್ಲು. ಒಂದು ಚೂರು ಒಡೆದು ಲೆನ್ಸ್ ಹಿಡಿದರೆ ನಾಣ್ಯದ ಆಕಾರದ ಪುಟ್ಟ ಚಿಪ್ಪುಗಳು. ನಮ್ಮುಲೈಟ್‌ಗಳು, ಕಡಲಿನ ಜೀವಿಗಳು. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಹೋಗಿ ಏಷ್ಯಾಕ್ಕೆ ತಾಗುವ ಹೊತ್ತಿಗೆ ಅಲ್ಲಿ ಉಳಿದಿದ್ದ ಕೊನೆಯ ಸಮುದ್ರ ಅದು. ಅದರ ನಂತರದ ಡಗ್ಶಾಯಿ ಕಲ್ಲು ಕೆಂಪಗಿದೆ. ಅದು ನದಿ ತಂದು ಹಾಕಿದ ಮಣ್ಣು, ಅದರಲ್ಲಿ ನಮ್ಮುಲೈಟ್ ಸಿಗುವುದಿಲ್ಲ. ಹಸಿರಿನಿಂದ ಕೆಂಪಿಗೆ ನಡೆದು ದಾಟಿದಾಗ ಮೇಷ್ಟ್ರು ನಿಂತರು. 'ಇಲ್ಲಿಗೆ ಸಮುದ್ರ ಮುಗೀತು' ಎಂದರು. ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

ಸೋಲನ್ ಹತ್ತಿರ ತಲೆ ಕೆಟ್ಟುಹೋಯಿತು. ಮೇಲೆ ಹತ್ತಿದಂತೆ ಕಲ್ಲು ಹೊಸದಾಗಬೇಕು, ಪುಸ್ತಕದಲ್ಲಿ ಹಾಗೇ ಇದೆ. ಇಲ್ಲಿ ಕ್ರೋಲ್ ಸುಣ್ಣಕಲ್ಲು ಸುಬಾಥುವಿಗಿಂತ ಸುಮಾರು ಹತ್ತು ಪಟ್ಟು ಹಳೆಯದು, ಆದರೂ ಮೇಲೆ ಕೂತಿದೆ. ಶಿಮ್ಲಾದಲ್ಲಿ ಇನ್ನೂ ವಿಚಿತ್ರ. ಜಾಖೂ ಬೆಟ್ಟದ ಜುತೋಗ್ ಶಿಸ್ಟ್ ನೂರು ಕೋಟಿ ವರ್ಷಕ್ಕೂ ಹಳೆಯದು. ನೆಲದಾಳದಲ್ಲಿ ಬೆಂದು ಗಾರ್ನೆಟ್ ಹರಳು ಹುಟ್ಟಿದ ಕಲ್ಲು. ಅದು ಎಲ್ಲಕ್ಕಿಂತ ಮೇಲೆ, ಟೋಪಿ ಇಟ್ಟ ಹಾಗೆ! ಪಿಲ್‌ಗ್ರಿಮ್ ಮತ್ತು ವೆಸ್ಟ್ ಎಂಬ ಇಬ್ಬರು ಭೂವಿಜ್ಞಾನಿಗಳು 1928ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು. ನಮಗೆ ಅರ್ಥವಾಗಿದ್ದು ಢಾಬಾದಲ್ಲಿ. ಮೇಷ್ಟ್ರು ಕೋಲಾರದ ರೈತರ ಮಗ. ಟೇಬಲ್ ಮೇಲೆ ಸಕ್ಕರೆ ಸುರಿದು, ಮೆನು ಕಾರ್ಡ್ ಅಡ್ಡ ಹಿಡಿದರು.

'ಕಣದಲ್ಲಿ ರಾಗಿ ಬಳಿಯೋ ಹಲಗೆ ನೋಡಿದ್ದೀರಾ? ಹಲಗೆ ಮುಂದೆ ರಾಗಿ ಗುಡ್ಡೆ ಏಳುತ್ತೆ. ಇಳಿಜಾರು ಅಷ್ಟೇ ಇರುತ್ತೆ, ಗುಡ್ಡೆ ಮಾತ್ರ ದೊಡ್ಡದಾಗ್ತಾ ಹೋಗುತ್ತೆ. ಇಲ್ಲಿ ಹಲಗೆ ನಿಂತಿದೆ, ಕಣವೇ ಸರೀತಿದೆ ಅಂದ್ಕೊಳ್ಳಿ. ಕಣ ಅಂದ್ರೆ ನಾವು.'

ಭಾರತ ಕೆಳಗೆ ತೂರುತ್ತಾ ಹೋದಂತೆ ಅದರ ಮೇಲ್ಪದರಗಳು ಕೆರೆದುಕೊಂಡು, ಹಪ್ಪಳದ ಹಾಗೆ ಒಂದರ ಮೇಲೊಂದು ಹತ್ತಿ ಕೂತಿವೆ. ಹಿಮಾಲಯದ ಅಗಲದಲ್ಲಿ ಈಗಲೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಒತ್ತುತ್ತಲೇ ಇದೆ. ಸಕ್ಕರೆಗೆ ಢಾಬಾದವನು ಬೈದ.

ಇನ್ನು ನನ್ನ ಕತೆ. ಆ ದಿನ ಬೆಳಗಿನಿಂದ ದಿಕ್ಸೂಚಿ ಮುಳ್ಳಿರುವ ಕ್ಲಿನೋಮೀಟರ್ ಹಿಡಿದು ಪದರಗಳ ದಿಕ್ಕು ಅಳೆದಿದ್ದೆ, 43 ರೀಡಿಂಗ್. ಆ ಭಾಗದಲ್ಲಿ ಪದರಗಳು ಹೆಚ್ಚಾಗಿ ವಾಯವ್ಯದಿಂದ ಆಗ್ನೇಯಕ್ಕೆ ಓಡುತ್ತವೆ. ನನ್ನ ಮ್ಯಾಪಿನಲ್ಲಿ ನೆಟ್ಟಗೆ ಉತ್ತರ ದಕ್ಷಿಣ. ರಾತ್ರಿ ಲಾಡ್ಜಿನಲ್ಲಿ ಮೇಷ್ಟ್ರು ಮ್ಯಾಪನ್ನೂ ನೋಡಿದರು, ನನ್ನನ್ನೂ ನೋಡಿದರು. 'ಹಿಮಾಲಯವನ್ನೇ ತಿರುಗಿಸಿಬಿಟ್ಟೆಯಲ್ಲೋ! ಸುತ್ತಿಗೆ ಎಲ್ಲಿತ್ತು?'

ಸೊಂಟದಲ್ಲಿತ್ತು. ಕಬ್ಬಿಣದ ಸುತ್ತಿಗೆ ಪಕ್ಕದಲ್ಲಿದ್ದರೆ ಮುಳ್ಳು ಸರಿ ತೋರಿಸುವುದಿಲ್ಲ ಎಂದು ಪಿಯುಸಿ ಮಕ್ಕಳಿಗೂ ಗೊತ್ತು. ಮಾರನೇ ದಿನ ಎಲ್ಲರೂ ಮಾಲ್ ರೋಡಿಗೆ ಹೋದರು. ನಾನು ಬಸ್ ಹತ್ತಿ ವಾಪಸ್ ಹೋಗಿ ಮತ್ತೆ ಅಳೆದೆ. ಶಿಮ್ಲಾದ ಮಾಲ್ ರೋಡ್ ನಾನು ಇವತ್ತಿಗೂ ನೋಡಿಲ್ಲ.

ಮಾರ್ಚ್‌ನಲ್ಲಿ ಮೇಷ್ಟ್ರು ಮಾತಿನಂತೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಕೋಟೆ ನೋಡಲು ಬಿಡಲಿಲ್ಲ. ತಾಳ್ಯದ ಹತ್ತಿರ ಒಂದು ಬೋಳು ಬಂಡೆ ತೋರಿಸಿದರು. ಎಂದೋ ಹೊಳೆಯಲ್ಲಿ ಉರುಳಿ ದುಂಡಗಾದ ಕಲ್ಲುಗಳು ಅದರಲ್ಲಿವೆ, ಆದರೆ ಈಗ ದುಂಡಗಿಲ್ಲ. ಒತ್ತಿ ಎಳೆದು ಸೌತೆಕಾಯಿಯಂತಾಗಿವೆ. ಈ ಬಂಡೆ ಸೇರಿದ ಕಲ್ಲಿನ ಪಟ್ಟಿ ಗದಗದಿಂದ ದಕ್ಷಿಣಕ್ಕೆ 400 ಕಿಲೋಮೀಟರಿಗೂ ಜಾಸ್ತಿ ಓಡುತ್ತದೆ, ಪದರಗಳು ಬಹುತೇಕ ನೆಟ್ಟಗೆ ನಿಂತಿವೆ. ಸುಮಾರು 250 ಕೋಟಿ ವರ್ಷದ ಹಿಂದಿನ ಒತ್ತು. ಆಗಿನ ಭೂಮಿಯ ಒಳಗು ಈಗಿನದಕ್ಕಿಂತ ಬಿಸಿ, ಹಾಗಾಗಿ ಅದು ಹಿಮಾಲಯದ ತರಹವೇ ಎದ್ದಿತೇ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಎತ್ತರವೆಲ್ಲ ಸವೆದು ಹೋಗಿದೆ. ನಾವು ನಿಂತಿದ್ದು ಬುಡದ ಮೇಲೆ, ಪಕ್ಕದಲ್ಲಿ ಯಾರೋ ಕುರಿ ಮೇಯಿಸುತ್ತಿದ್ದರು.

'ಈಗ ಹೇಳು, ಪರ್ವತ ನೋಡಿದೀಯಾ?' ಎಂದರು ಮೇಷ್ಟ್ರು. ಒಂದೂವರೆ ವರ್ಷ ಅವರೂ ಮರೆತಿರಲಿಲ್ಲ.

ಈಗ ನಾನು ಬೋರ್‌ವೆಲ್ ಪಾಯಿಂಟ್ ಮಾಡುವ ಕೆಲಸದಲ್ಲಿದ್ದೇನೆ. ಸುತ್ತಿಗೆ ಜೀಪಿನಲ್ಲೇ ಬಿಟ್ಟು ಅಳೆಯುತ್ತೇನೆ. ಹೋದ ವರ್ಷ ವಿಭಾಗಕ್ಕೆ ಬಂದಾಗ ಮ್ಯೂಸಿಯಂ ಕಪಾಟಿನಲ್ಲಿ ನಾನು ತಂದುಕೊಟ್ಟ ನಮ್ಮುಲೈಟ್ ಕಲ್ಲು ಇತ್ತು. ಕೆಳಗೆ ನನ್ನದೇ ಕೋಳಿಕಾಲು ಅಕ್ಷರದ ಚೀಟಿ: 'ಡಗ್ಶಾಯಿ'. ಕಪಾಟಿಗೆ ಬೀಗ ಹಾಕಿತ್ತು, ಕೀ ಇದ್ದವರು ರಜೆಯಲ್ಲಿದ್ದರು. ಈಗಿನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದಿದರೆ ದಯವಿಟ್ಟು 'ಸುಬಾಥು' ಎಂದು ತಿದ್ದಿ. ಮೇಷ್ಟ್ರು ರಿಟೈರ್ ಆಗಿದ್ದಾರೆ, ಆದರೂ ಆಗಾಗ ಮ್ಯೂಸಿಯಂಗೆ ಬರುತ್ತಾರಂತೆ.