ಅಮ್ಮನ ಬಾಡಿಗೆ ಡೈರಿ

2025ರ ಜೂನ್, ಮೂರನೇ ವಾರದ ಸೋಮವಾರ. ಅಮ್ಮ ಗಾರ್ಮೆಂಟ್ಸ್‌ಗೆ ರಜೆ ಹಾಕಿದ್ಲು. ಜ್ವರ ಬಂದ್ರೂ ಮಾತ್ರೆ ನುಂಗಿ ಹೋಗೋ ಹೆಂಗಸು, ಯಾಕಂದ್ರೆ ಒಂದು ದಿನ ತಪ್ಪಿಸಿದ್ರೆ ಆ ದಿನದ ಸಂಬಳದ ಜೊತೆ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತೆ. ಆದ್ರೆ ಬೇರೆ ದಾರಿ ಇರ್ಲಿಲ್ಲ. ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ ನಾವಿರೋದು ಆರು ಮನೆ ವಠಾರ, ಶೀಟಿನ ಮನೆ, ಮೇಲೆ ಫ್ಲೋರ್ ಕಟ್ತೀವಿ ತಿಂಗಳ ಕೊನೆಗೆ ಖಾಲಿ ಮಾಡಿ ಅಂತ ಓನರ್ ಹೇಳಿ ಆಗಿತ್ತು, 26ಕ್ಕೆ ಆಷಾಢ ಶುರು, ಆಷಾಢದಲ್ಲಿ ಹೊಸ ಮನೇಲಿ ಹಾಲು ಉಕ್ಕಿಸಲ್ಲ ಅಂತ ಅಮ್ಮ, ಹಂಗಾಗಿ ಇದ್ದಿದ್ದೇ ಹತ್ತು ದಿನ.

ಬೆಳಗ್ಗೆ ಸುಂಕದಕಟ್ಟೆ ಕಡೆ ನಾಲ್ಕು ಮನೆ ನೋಡಿದ್ವಿ. ಒಂದು ರೂಮು, ಒಂದು ಅಡುಗೆಮನೆ, ಬಾಡಿಗೆ ಏಳೂವರೆ ಸಾವಿರ, ಅಡ್ವಾನ್ಸ್ 75. ನಮಗೆ ಹಳೆ ಮನೆ ಅಡ್ವಾನ್ಸ್ 50 ಸಾವಿರ ಬರ್ಬೇಕು, ಆದ್ರೆ ಅದು ಬೀಗ ಕೊಟ್ಟ ಮೇಲೆ, ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡು. ಹೊಸ ಮನೆಗೆ ಮಾತ್ರ ಮೊದಲೇ ಕೊಡ್ಬೇಕು. ಬಾಡಿಗೆ ಮನೇಲಿ ಇದ್ದೋರಿಗೆ ಈ ನಡುವಿನ ಒಂದು ವಾರ ಏನು ಅಂತ ಗೊತ್ತಿರುತ್ತೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರ್ದು ಅಂತ ಇದೆ, ಆದ್ರೆ ಅದು ಮಾದರಿ ಅಷ್ಟೇ, ರಾಜ್ಯ ಒಪ್ಪಿಕೊಂಡ್ರೆ ಉಂಟು. ನಮ್ಮಲ್ಲಿ ಇರೋದು 1999ರ ಕಾಯ್ದೆ, ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500 ದಾಟಿದ ಮನೆ ಅದರ ರಕ್ಷಣೆಗೇ ಬರಲ್ಲ. ಶೀಟಿನ ಮನೆಗೇ ಆರೂವರೆ ಕೊಡೋ ಊರಲ್ಲಿ ಆ ಕಾಯ್ದೆ ಯಾರನ್ನ ಕಾಯುತ್ತೆ ಹೇಳಿ.

ಮಧ್ಯಾಹ್ನ ಸರ್ಕಾರಿ ಮನೆಗೆ ಅರ್ಜಿ ಹಾಕೋಕೆ ಹೋದ್ವಿ. ಅಮ್ಮಂಗೆ ಇದು ಬಹಳ ವರ್ಷದ ಆಸೆ. 2024ರ ಮಾರ್ಚಲ್ಲಿ ಸ್ಲಂ ಬೋರ್ಡ್ ಕಟ್ಟಿಸಿದ 36 ಸಾವಿರಕ್ಕೂ ಹೆಚ್ಚು ಮನೆಗಳನ್ನ ಮುಖ್ಯಮಂತ್ರಿ ಹಂಚಿದಾಗ ಟಿವಿ ಮುಂದೆ ಕೂತು ಪೂರ್ತಿ ನೋಡಿದ್ಲು. ಒಂದು ಮನೆಗೆ ಏಳೂವರೆ ಲಕ್ಷ ಖರ್ಚು, ಕೇಂದ್ರ ಕೊಡೋದು ಒಂದೂವರೆ, ರಾಜ್ಯದ ಪಾಲೂ ಕಳೆದು ಫಲಾನುಭವಿ ತಲೆ ಮೇಲೆ ನಾಲ್ಕೂವರೆ ಲಕ್ಷದ ಹತ್ತಿರ ಬೀಳ್ತಿತ್ತು, ಅದನ್ನ ಕಟ್ಟೋಕಾಗ್ದೆ ಎಷ್ಟೋ ಜನ ವರ್ಷಗಟ್ಟಲೆ ಕಾದ್ರು, ಕೊನೆಗೆ ಒಂದು ಲಕ್ಷ ಕಟ್ಟಿದ್ರೆ ಸಾಕು ಉಳಿದಿದ್ದು ನಾವೇ ಕೊಡ್ತೀವಿ ಅಂತ ಸರ್ಕಾರ ಒಪ್ಪಿದ ಮೇಲೇ ಕೆಲಸ ಮುಂದಕ್ಕೆ ಹೋಗಿದ್ದು. ಒಳ್ಳೇ ಕೆಲಸ, ಮನಸ್ಸಿಂದ ಹೇಳ್ತೀನಿ. ಆದ್ರೆ ಆ ಮನೆಗಳು ಸ್ಲಂ ಅಂತ ಪಟ್ಟಿಯಲ್ಲಿರೋ ಜಾಗದವರಿಗೆ. ನಮ್ಮದು ವಠಾರ. ಸ್ಲಂ ಪಟ್ಟಿಯಲ್ಲೂ ಇಲ್ಲ, ಕೈಯಲ್ಲಿ ಸೈಟೂ ಇಲ್ಲ.

ಕೌಂಟರಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ, ಅದನ್ನ ಹೇಳ್ಲೇಬೇಕು. ಆಧಾರ್ ಒಂದು ಅಡ್ರೆಸ್, ರೇಷನ್ ಕಾರ್ಡ್ ಇನ್ನೊಂದು, ವೋಟರ್ ಐಡಿ ಮೂರನೇದು. "ಇಷ್ಟು ವರ್ಷ ಬೆಂಗಳೂರಲ್ಲೇ ಇದ್ದೀವಿ ಅನ್ನೋಕೆ ಏನಾದ್ರೂ ದಾಖಲೆ ಇದ್ಯಾ ಅಮ್ಮ, ಒಂದೇ ಕಡೆ ಇಲ್ವಲ್ಲ ನೀವು" ಅಂದ. ಹನ್ನೊಂದು ತಿಂಗಳಿಗೊಂದು ಅಗ್ರಿಮೆಂಟ್, ಒಂಬತ್ತು ವರ್ಷದಲ್ಲಿ ಐದು ಮನೆ, ಒಂದೇ ಕಡೆ ಎಲ್ಲಿಂದ ಇರೋದು?

ಆಗ ಅಮ್ಮ ಜವಳಿ ಅಂಗಡಿ ಕವರಿಂದ ಡೈರಿ ತೆಗೆದ್ಲು. ಎಲ್‌ಐಸಿ ಏಜೆಂಟ್ ಯಾವತ್ತೋ ಕೊಟ್ಟಿದ್ದ ಚಿಕ್ಕ ಡೈರಿ, ರಟ್ಟು ಕಿತ್ತು ಹೋಗಿ ಅದಕ್ಕೆ ಫ್ಯಾಕ್ಟರಿ ಶರ್ಟ್ ಬಟ್ಟೆ ಚೂರು ಹಾಕಿ ಹೊಲಿದಿದ್ದಾಳೆ. 2016ರ ಜೂನಿಂದ ಪ್ರತಿ ತಿಂಗಳ ಬಾಡಿಗೆ, ತಾರೀಕು, ಪಕ್ಕದಲ್ಲಿ ಆಯಾ ಓನರ್ ಸೈನ್. ಅಮ್ಮಂಗೆ ಓದು ಬರೋದು ನಾಲ್ಕನೇ ಕ್ಲಾಸಷ್ಟು, ಅಂಕಿ ಮಾತ್ರ ಮುತ್ತು ಪೋಣಿಸಿದ ಹಂಗೆ. ಇದು ದಾಖಲೆ ಆಗಲ್ಲಮ್ಮ ಅಂತ ಆ ಹುಡುಗ ಹೇಳಿದ, ಆದ್ರೂ ಎರಡು ನಿಮಿಷ ಪುಟ ತಿರುವಿ ನೋಡಿದ. ಆಮೇಲೆ ಆದಾಯ ಪ್ರಮಾಣಪತ್ರ, ಹಳೇ ಅಗ್ರಿಮೆಂಟ್‌ಗಳ ಜೆರಾಕ್ಸ್ ತಗೊಂಡು ಬನ್ನಿ ಅಂದ. ಹೋಗಿ ತಂದ್ವಿ. ಸಾಲಲ್ಲಿ ಒಂದೂವರೆ ಗಂಟೆ.

ಆ ಒಂದೂವರೆ ಗಂಟೆಯಲ್ಲಿ ನಾನು ಮೊಬೈಲಲ್ಲಿ ಆ ಡೈರಿ ಲೆಕ್ಕ ಕೂಡಿಸ್ತಾ ಕೂತೆ. ಮೊದಲ ಎರಡು ವರ್ಷ ತಿಂಗಳಿಗೆ 3,500, ಆಮೇಲಿನ ಎರಡು ವರ್ಷ 4,200, ಮುಂದೆ 4,800, ಆಮೇಲೆ 5,500, ಕೊನೇ ವರ್ಷ 6,500. 2020ರ ಏಪ್ರಿಲ್, ಮೇ ಪುಟದಲ್ಲಿ ಸೈನ್ ಜಾಗ ಖಾಲಿ ಇದೆ, ಲಾಕ್‌ಡೌನ್. ಕೆಲಸಗಾರರ ಹತ್ರ ಒಂದು ತಿಂಗಳು ಬಾಡಿಗೆ ಕೇಳ್ಬೇಡಿ ಅಂತ ಆ ಮಾರ್ಚ್ 29ಕ್ಕೆ ಕೇಂದ್ರದ ಆದೇಶ ಬಂದಿತ್ತು, ನಮ್ಮ ಆಗಿನ ಓನರ್ ಆಮೇಲೆ ಕಂತಲ್ಲಿ ಎರಡು ತಿಂಗಳದ್ದೂ ತಗೊಂಡ್ರು, ಆ ಕಂತುಗಳೂ ಅದೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇವೆ. ಒಟ್ಟು ಐದು ಲಕ್ಷದ ಹತ್ತು ಸಾವಿರ. ನಾನು ಮೂರು ಸಲ ಕೂಡಿಸಿದೆ. ಫಲಾನುಭವಿ ಕಟ್ಟೋಕಾಗಲ್ಲ ಅಂತ ಎಲ್ರೂ ಹೇಳ್ತಿದ್ದ ಆ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ದುಡ್ಡನ್ನ ನಮ್ಮಮ್ಮ ಹೊಲಿಗೆ ಮಿಷಿನ್ ಮುಂದೆ ಕೂತು ಆಗಲೇ ಕಟ್ಟಿ ಮುಗಿಸಿದ್ದಾಳೆ, ಒಂದು ಗೋಡೆನೂ ಅವಳದ್ದಾಗಿಲ್ಲ.

ಅಮ್ಮಂಗೆ ಹೇಳ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ.

ನನಗೆ ಅವತ್ತಿಂದ ಕೊರೀತಿರೋದು ಇದೇ. ನಮ್ಮಲ್ಲಿ ಬಡವರ ಮನೆ ಅಂದ್ರೆ ಸರ್ಕಾರಕ್ಕೆ ಹೊಳೆಯೋದು ಸೈಟು, ಹಕ್ಕುಪತ್ರ, ಸಾಲಕ್ಕೆ ಸಬ್ಸಿಡಿ. ಬಾಡಿಗೆ ಕಟ್ಟೋ ಮನೆ ನೆನಪಾಗೋದು ಅಪರೂಪ. ಸಂಬಳದ ಸ್ಲಿಪ್ಪಲ್ಲಿ ಮನೆ ಬಾಡಿಗೆ ಭತ್ಯೆ, ಅಂದ್ರೆ ಎಚ್‌ಆರ್‌ಎ ಇರೋರಿಗೆ ಬಾಡಿಗೆ ರಸೀದಿ ತೋರಿಸಿ ತೆರಿಗೆ ಉಳಿಸೋ ದಾರಿ ಇದೆ, ತೆರಿಗೆ ಕಟ್ಟೋಷ್ಟು ಸಂಬಳವೇ ಇಲ್ಲದೋರ ಬಾಡಿಗೆಗೆ ಏನಿದೆ? ಜನ ಮೂಟೆ ಹೊತ್ಕೊಂಡು ನಡೆದು ಊರು ಸೇರಿದ ಮೇಲೆ 2020ರ ಜುಲೈನಲ್ಲಿ ಕೇಂದ್ರ ಕಡಿಮೆ ಬಾಡಿಗೆ ವಸತಿ ಸಂಕೀರ್ಣ ಅಂತ ಯೋಜನೆ ತಂತು, ಖಾಲಿ ಬಿದ್ದಿರೋ ಸರ್ಕಾರಿ ಮನೆಗಳನ್ನ ಬಾಡಿಗೆಗೆ ಕೊಡೋದೂ ಅದರಲ್ಲಿತ್ತು, 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಪಿಎಂಎವೈ) ಅರ್ಬನ್ 2.0ದಲ್ಲೂ ಬಾಡಿಗೆ ಮನೆ ಒಂದು ಭಾಗ. ಯೋಚನೆ ಸರಿಯಾಗಿದೆ. ಪೀಣ್ಯ ಸುತ್ತ ಸಾವಿರಗಟ್ಟಲೆ ಗಾರ್ಮೆಂಟ್ಸ್ ಹೆಂಗಸರಿಗೆ ಹಂಗೊಂದು ಕಟ್ಟಡ ಸಿಕ್ಕಿದ್ರೆ, ಇಲ್ಲಾ ಕನಿಷ್ಠ ಅಡ್ವಾನ್ಸ್‌ಗೆ ಬಡ್ಡಿ ಇಲ್ಲದ ಸಾಲ ಸಿಕ್ಕಿದ್ರೆ, ಮನೆ ಬದಲಾಯಿಸೋ ಪ್ರತಿ ಸಲ ಸಂಘದಲ್ಲಿ ಕೈ ಚಾಚೋದು ತಪ್ಪುತ್ತೆ.

ಅವತ್ತು ಸಂಜೆ ಅಮ್ಮ ಅದನ್ನೇ ಮಾಡಿದ್ಲು, ಸಂಘದಲ್ಲಿ 40 ಸಾವಿರ ಸಾಲ, ಕಿವಿ ಓಲೆ ಅಡ ಇಟ್ಟು 20. ಬೆಳಗ್ಗೆ ನೋಡಿದ ಮನೇಗೇ ವಾಪಸ್ ಹೋಗಿ, ಓನರಮ್ಮನ ಜೊತೆ ಬಾಗಿಲಲ್ಲೇ ನಿಂತು ಮಾತಾಡಿ ಮಾತಾಡಿ 75ನ್ನ 60ಕ್ಕೆ ಇಳಿಸಿದ್ಲು. ನಾನು ಸುಮ್ನೆ ಪಕ್ಕದಲ್ಲಿ ನಿಂತಿದ್ದೆ.

22ನೇ ತಾರೀಕು ಭಾನುವಾರ ಹಾಲು ಉಕ್ಕಿಸಿದ್ವಿ. ಗೃಹಜ್ಯೋತಿಯಲ್ಲಿ ಹಳೆ ಮನೆ ಮೀಟರಿಂದ ಆಧಾರ್ ಡಿಲಿಂಕ್ ಮಾಡಿ ಹೊಸ ಮೀಟರಿಗೆ ಸೇರಿಸಿದ್ದೂ ಆಯ್ತು, ಬಾಡಿಗೆದಾರರನ್ನೂ ಲೆಕ್ಕಕ್ಕೆ ತಗೊಂಡ ಸ್ಕೀಮ್ ಅದು, ನಮ್ಮಂಥೋರಿಗೆ ಅದು ಚಿಕ್ಕ ವಿಷಯ ಅಲ್ಲ. ಮನೆ ಅರ್ಜಿಯ ನಂಬರ್ ಇರೋ ಚೀಟಿ ಡೈರಿ ಮಧ್ಯೆ ಇದೆ, ಉತ್ತರ ಇನ್ನೂ ಬಂದಿಲ್ಲ. ಮೊದಲ ಬಾಡಿಗೆ ಕೊಡುವಾಗ ಹೊಸ ಓನರಮ್ಮ "ಫೋನ್‌ಪೇ ಮಾಡ್ಬಿಡಿ, ಸೈನ್ ಎಲ್ಲಾ ಯಾಕೆ" ಅಂದ್ರು. ಅಮ್ಮ ಫೋನ್‌ಪೇ ಮಾಡ್ಸಿದ್ಲು, ಆಮೇಲೆ ಡೈರಿ ಬಿಚ್ಚಿ 7,500 ಅಂತ ಬರೆದು ಪೆನ್ ಅವರ ಕೈಗೆ ಕೊಟ್ಲು.