ಗ್ರೇ ಟ್ಯಾಂಕ್ ಲೆಕ್ಕ: ಆರ್‌ವಿಯಲ್ಲಿ ಯೊಸೆಮಿಟಿಗೆ

ಜನವರಿ 15

ಕ್ಯಾಂಪಿಂಗ್ ಸೈಟ್ ಸಿಕ್ಕಿತು! ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯಲ್ಲಿರುವ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿಗೆ ಐದು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ. 15ನೇ ತಾರೀಕು, ಬೆಳಿಗ್ಗೆ 7ಕ್ಕೆ ಸರಿಯಾಗಿ. ಇವತ್ತು ತೆರೆದದ್ದು ಜೂನ್ 15ರಿಂದ ಜುಲೈ 14ರವರೆಗಿನದು. ಇನ್ನೂರಕ್ಕೂ ಹೆಚ್ಚು ಸೈಟ್ ಇವೆ, ಆದರೂ ನೋಡನೋಡುತ್ತಲೇ ಖಾಲಿ. ನಾನು, ನನ್ನ ಗಂಡ ಒಂದೊಂದು ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆವು. ಸಿಕ್ಕಿದ್ದು ಮಾತ್ರ ಮಗನ ಫೋನಿನಲ್ಲಿ.

ಒಂದು ಸೈಟಿನಲ್ಲಿ ಮಕ್ಕಳೂ ಸೇರಿ ಆರೇ ಜನ ಇರಬಹುದು. ನಾವೂ ಸರಿಯಾಗಿ ಆರು. ನಾವಿಬ್ಬರು, ಮಕ್ಕಳಿಬ್ಬರು, ಏಪ್ರಿಲ್‌ನಲ್ಲಿ ಮೈಸೂರಿನಿಂದ ಬರುವ ಅತ್ತೆ, ಮಾವ.

ಗಾಡಿ ಇದೆ. ಹೋದ ವರ್ಷ ಕೊಂಡ ಹಳೇ ಕ್ಲಾಸ್ ಸಿ ಆರ್‌ವಿ, ಅಂದರೆ ಮಲಗಲು, ಅಡುಗೆಗೆ, ಸ್ನಾನಕ್ಕೆ ಒಳಗೇ ಜಾಗವಿರುವ ಮಧ್ಯಮ ಗಾತ್ರದ ಮನೆಗಾಡಿ, 25 ಅಡಿ ಉದ್ದ, ಫೋರ್ಡ್ ಚಾಸಿ. ಇದುವರೆಗೆ ಹೋಗಿದ್ದೆಲ್ಲ ಹುಕಪ್ ಇರುವ ಕಡೆಗೇ. ಅಂದರೆ ಕರೆಂಟ್, ನೀರು, ಕೊಳಚೆ ಪೈಪು, ಮೂರೂ ಸೈಟಿನಲ್ಲೇ ಸಿಗುತ್ತವೆ. ಅಪ್ಪರ್ ಪೈನ್ಸ್‌ನಲ್ಲಿ ಅದರಲ್ಲಿ ಒಂದೂ ಇಲ್ಲ. ಜನರೇಟರ್ ಹಾಕುವುದಕ್ಕೂ ಹೊತ್ತುಗೊತ್ತು ಇದೆ: ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಸೋಲಾರ್ ಅನ್ನೋಣ ಅಂದರೆ ತಲೆ ಮೇಲೆ ಪೈನ್, ಸೀಡರ್ ಮರಗಳ ನೆರಳು. ಹಾಗಾಗಿ ಈ ಐದು ತಿಂಗಳ ಕೆಲಸ ಒಂದೇ. ಆರು ಜನ ಅನ್ನ ಸಾರು ತಿನ್ನುವ ಸಂಸಾರವನ್ನು ಯಾವ ಪೈಪೂ ವೈರೂ ಇಲ್ಲದೆ ನಡೆಸುವ ಹಾಗೆ ಗಾಡಿಯನ್ನು ಸಜ್ಜು ಮಾಡುವುದು.

ಫೆಬ್ರವರಿ

ಟೈರ್. ಗ್ರಿಪ್ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಪಕ್ಕದಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ, ಅದನ್ನು ನೋಡಬೇಕು. ನಮ್ಮದರಲ್ಲಿ 2217 ಅಂತಿತ್ತು, 2017ರ 22ನೇ ವಾರ ಮಾಡಿದ್ದು ಅಂತ ಅರ್ಥ. ಆರ್‌ವಿ ವರ್ಷದಲ್ಲಿ ಬಹುಪಾಲು ಬಿಸಿಲಲ್ಲಿ ಸುಮ್ನೆ ನಿಂತಿರುತ್ತದೆ. ಟೈರ್ ಸವೆಯುವ ಮೊದಲೇ ರಬ್ಬರ್ ಸಾಯುತ್ತದೆ. ಆರೂ ಬದಲಾಯಿಸಿದೆವು. ದುಡ್ಡಿನ ಮಾತು ಬೇಡ.

ಚಾವಣಿ ಮೇಲೆ ಹತ್ತಿ, ಫ್ಯಾನ್ ಕಿಂಡಿಯ ಸುತ್ತ ಬಿರುಕು ಬಿಟ್ಟಿದ್ದ ಹಳೇ ಸೀಲಂಟ್ ಕೆರೆದು ಹೊಸದು ಬಳಿದಾಯಿತು.

ಮಾರ್ಚ್

ಬ್ಯಾಟರಿ. ಮೊದಲಿದ್ದದ್ದು 100 ಆಂಪ್ ಅವರ್‌ನ (ಒಂದು ಆಂಪ್‌ನಂತೆ 100 ಗಂಟೆ ಕರೆಂಟ್ ಕೊಡುವ) ಎರಡು ಲೆಡ್ ಆಸಿಡ್. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಬಾಳಿಕೆ ಹೋಗುತ್ತದೆ, ಅಂದರೆ ಕೈಗೆ ಬರುವುದು 100. ಅಷ್ಟೇ ಅಳತೆಯ ಎರಡು ಲಿಥಿಯಂ ಐರನ್ ಫಾಸ್ಫೇಟ್ ಹಾಕಿದರೆ ಹೆಚ್ಚುಕಡಿಮೆ 200 ಪೂರ್ತಿ ಸಿಗುತ್ತದೆ. ತೂಕವೂ ಅರ್ಧ. ಆದರೆ ಬ್ಯಾಟರಿ ಮಾತ್ರ ಬದಲಾಯಿಸಿ ಕೂರುವ ಹಾಗಿಲ್ಲ. ಹಳೇ ಚಾರ್ಜರ್ ಇದನ್ನು ಪೂರ್ತಿ ತುಂಬಿಸುವುದಿಲ್ಲ. ಎಂಜಿನ್ನಿನ ಆಲ್ಟರ್ನೇಟರ್‌ಗೆ ನೇರ ಜೋಡಿಸಿದರೆ ಲಿಥಿಯಂ ಎಷ್ಟು ಕೊಟ್ಟರೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಡಬಹುದು. ನಡುವೆ ಆ ಎಳೆತಕ್ಕೆ ಮಿತಿ ಹಾಕುವ ಒಂದು ಡಿಸಿ ಟು ಡಿಸಿ ಚಾರ್ಜರ್ ಬೇಕು. ವೈರಿಂಗ್ ನಾನೇ ಮಾಡಿದೆ. ಗಂಡ ಟಾರ್ಚ್ ಹಿಡಿದರು.

ಮನೆಯಲ್ಲಿ ಎಲ್ಲರ ಪ್ರಶ್ನೆ ಮಿಕ್ಸಿ ನಡೆಯುತ್ತಾ ಅಂತ. ನಡೆಯುತ್ತದೆ, ಆರಾಮಾಗಿ. 750 ವಾಟ್ ಮಿಕ್ಸಿ ಇನ್ವರ್ಟರ್ ಮೂಲಕ ಸುಮಾರು 70 ಆಂಪ್ ಎಳೆಯುತ್ತದೆ, ಕೇಳಿದರೆ ಭಯವಾಗುತ್ತದೆ. ಆದರೆ ಚಟ್ನಿಗೆ ಮೂರು ನಿಮಿಷ ಸಾಕು. ಖರ್ಚಾಗುವುದು ಮೂರೂವರೆ ಆಂಪ್ ಅವರ್. ನಿಜವಾದ ಕಳ್ಳ ಅಂದರೆ ಗಾಡಿಯನ್ನು ಬೆಚ್ಚಗಿಡುವ ಫರ್ನೇಸಿನ ಫ್ಯಾನ್. ಬಿಸಿಯೇನೋ ಪ್ರೊಪೇನ್ ಗ್ಯಾಸಿನಿಂದ ಬರುತ್ತದೆ, ಗಾಳಿ ಊದುವ ಫ್ಯಾನ್ ಮಾತ್ರ ಗಂಟೆಗೆ 7 ಆಂಪ್ ಅವರ್ ತಿನ್ನುತ್ತದೆ. ರಾತ್ರಿಯೆಲ್ಲ ಬಿಟ್ಟು ಬಿಟ್ಟು ನಾಲ್ಕು ಗಂಟೆ ಓಡಿದರೂ 28 ಹೋಯಿತು, ಅಂದರೆ ಎಂಟು ದಿನದ ಚಟ್ನಿ. ರೈಸ್ ಕುಕ್ಕರ್ ಮನೆಯಲ್ಲೇ ಇರಲಿ, ಅನ್ನ ಗ್ಯಾಸಿನ ಮೇಲೆ, ಸೀಟಿ ಹಾಕುವ ಕುಕ್ಕರಿನಲ್ಲಿ.

ಏಪ್ರಿಲ್ ಕೊನೆ: ಮನೆ ಮುಂದೆ ಪರೀಕ್ಷೆ

ಅತ್ತೆ, ಮಾವ ಬಂದು ಜೆಟ್‌ಲ್ಯಾಗ್ ಕಳೆದ ಮೇಲೆ ಒಂದು ವಾರಾಂತ್ಯ ಡ್ರೈವ್‌ವೇಯಲ್ಲೇ ಗಾಡಿಯೊಳಗೆ ಸಂಸಾರ ಹೂಡಿದೆವು. ಮನೆಯ ಬಾಗಿಲು ತೆಗೆಯುವ ಹಾಗಿಲ್ಲ ಅಂತ ಕರಾರು. ಮಾವ ಎರಡು ಸಲ ಪೇಪರ್ ಓದುವ ನೆಪದಲ್ಲಿ ಒಳಗೆ ಹೋಗಿಬಂದರು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಗಾಡಿಯಲ್ಲಿ ಮೂರು ಟ್ಯಾಂಕ್. ಒಳ್ಳೆ ನೀರಿಗೆ 150 ಲೀಟರ್. ಸಿಂಕ್ ಮತ್ತು ಸ್ನಾನದ ಕೊಳೆ ನೀರಿಗೆ ಗ್ರೇ ಟ್ಯಾಂಕ್, 110 ಲೀಟರ್. ಟಾಯ್ಲೆಟ್ಟಿಗೆ ಬ್ಲ್ಯಾಕ್ ಟ್ಯಾಂಕ್ ಬೇರೆ. ನೀರು ಖಾಲಿಯಾದರೆ ಏನು ಗತಿ ಅಂತ ನಮ್ಮ ಯೋಚನೆ. ಆದರೆ ಶನಿವಾರ ಬೆಳಿಗ್ಗೆ ಮಕ್ಕಳು ಸ್ನಾನ ಮಾಡಿ, ಮಧ್ಯಾಹ್ನ ಹುಳಿ, ಪಲ್ಯ, ಅನ್ನ ಆಗಿ, ಪಾತ್ರೆ ತೊಳೆಯುವ ಹೊತ್ತಿಗೆ ಶವರಿನ ಜಾಲರಿಯಿಂದ ಸಾಸಿವೆ, ಕರಿಬೇವು ಸಮೇತ ನೀರು ಮೇಲೆ ಬಂತು. ಗ್ರೇ ಟ್ಯಾಂಕ್ ಭರ್ತಿ. ಒಳ್ಳೆ ನೀರು ಇನ್ನೂ ಇತ್ತು! ಪ್ಯಾನೆಲ್ಲಿನ ದೀಪ ನೋಡಿದರೆ ಮೂರನೇ ಎರಡು ಭಾಗ ಅಂತ ತೋರಿಸುತ್ತಿತ್ತು. ಆ ಸೆನ್ಸರ್‌ಗಳ ಮೇಲೆ ಜಿಡ್ಡು ಕೂತರೆ ಮುಗಿಯಿತು, ನಂಬುವ ಹಾಗಿಲ್ಲ.

ಆರ್‌ವಿ ಶವರ್ ನಿಮಿಷಕ್ಕೆ 7 ಲೀಟರ್ ಹತ್ತಿರ ಬಿಡುತ್ತದೆ. ಐದು ನಿಮಿಷಕ್ಕೆ 35. ಆರು ಜನಕ್ಕೆ 210. ಟ್ಯಾಂಕ್ 110ರದು. ಇದಕ್ಕೆ ಇಲ್ಲಿನವರ ಉಪಾಯ ನೇವಿ ಶವರ್: ಮೈ ನೆನೆಸು, ನಲ್ಲಿ ನಿಲ್ಲಿಸು, ಸೋಪು ಹಚ್ಚು, ಮತ್ತೆ ಬಿಡು. ಮಗಳಿಗೆ ಅದನ್ನು ವಿವರಿಸುತ್ತಿದ್ದಾಗ ಅತ್ತೆ ಕೇಳಿದರು, "ಅಷ್ಟೆಲ್ಲ ಸರ್ಕಸ್ ಯಾಕಮ್ಮಾ? ಒಂದು ಬಕೆಟ್ಟು, ಚೊಂಬು ಕೊಡು. ದಿನ ಬಿಟ್ಟು ದಿನ ನಲ್ಲಿ ಬರ್ತಿದ್ದಾಗ ಎಂಟು ಜನರ ಮನೆ ನಡೆಸಿದೀನಿ."

ಅಳೆದು ನೋಡಿದೆ. ಅತ್ತೆಯ ಸ್ನಾನ 8 ಲೀಟರ್. ತಲೆಗೆ ಎಣ್ಣೆ ಹಚ್ಚಿದ ದಿನ 12.

ಪಾತ್ರೆಯ ಖಾತೆಯನ್ನೂ ಅತ್ತೆಯೇ ವಹಿಸಿಕೊಂಡರು. ಅಕ್ಕಿ ತೊಳೆದ ನೀರು ಚೆಲ್ಲದೆ ಅದರಲ್ಲಿ ಎಂಜಲು ಪಾತ್ರೆ ನೆನೆಹಾಕುವುದು. ಜಿಡ್ಡನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕುವುದು. ಕೊನೆಗೆ ಒಂದು ಚೊಂಬಿನಲ್ಲಿ ಸಣ್ಣಗೆ ಹೊಯ್ದು ತೊಳೆಯುವುದು. ಊಟಕ್ಕೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುವ ಬಾಳೆಲೆ. ದಿನದ ಪಾತ್ರೆಗೆ 40 ಲೀಟರ್ ಹೋಗುತ್ತಿದ್ದದ್ದು 12ಕ್ಕೆ ಇಳಿಯಿತು. ನಾನು ಮಾರ್ಚ್ ತಿಂಗಳಿಡೀ ಆಂಪ್ ಲೆಕ್ಕ ಹಾಕಿ ಉಳಿಸಿದ್ದಕ್ಕಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂತು ಅಂತ ಗಂಡ ಹೇಳಿದರು. ಬೇಕಿರಲಿಲ್ಲ.

ಮೇ

ಅಡುಗೆ ಪಟ್ಟಿ ತಯಾರು. ನೋಡಬೇಕಾದದ್ದು ರುಚಿಯ ಜೊತೆಗೆ ಎಷ್ಟು ಪಾತ್ರೆ ಮೈಲಿಗೆ ಆಗುತ್ತದೆ ಅಂತ. ಬಿಸಿಬೇಳೆ ಬಾತ್ ಪಾಸ್, ಒಂದೇ ಕುಕ್ಕರ್. ಪುಳಿಯೋಗರೆ ಗೊಜ್ಜು, ಮೆಂತ್ಯದ ಹಿಟ್ಟು, ಚಟ್ನಿಪುಡಿ ಮನೆಯಿಂದಲೇ. ಗೊಜ್ಜವಲಕ್ಕಿ ಪಾಸ್. ಪೂರಿ ಫೇಲ್, ಎಣ್ಣೆ ಎಲ್ಲಿ ಚೆಲ್ಲುವುದು? ಇಡ್ಲಿ ಹಿಟ್ಟು ಮನೆಯಲ್ಲೇ ಹುದುಗಿಸಿ ಒಯ್ಯಬೇಕು, ಅಲ್ಲಿ ಜೂನ್‌ನಲ್ಲೂ ರಾತ್ರಿ 10 ಡಿಗ್ರಿ ಆಸುಪಾಸು. ಕಣಿವೆಯ ಎತ್ತರ 1,200 ಮೀಟರ್, ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟೇ. ಬೇಳೆ ಬೇಯಲು ತೊಂದರೆಯಿಲ್ಲ.

ಕರಡಿ ನಿಯಮ ಎಲ್ಲರಿಗೂ ಓದಿ ಹೇಳಿದ್ದಾಯಿತು. ಅಲ್ಲಿರುವುದು ಕಪ್ಪು ಕರಡಿ ಜಾತಿ. ಮೂಗು ಭಾರಿ ಚುರುಕು, ಕಾರಿನ ಬಾಗಿಲನ್ನೇ ಕಿತ್ತು ಒಳಗೆ ನುಗ್ಗುತ್ತವೆ. ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ ಎಲ್ಲ ಪಾರ್ಕಿನವರ ಲೆಕ್ಕದಲ್ಲಿ ಆಹಾರವೇ. ಆರ್‌ವಿಯಂಥ ಗಟ್ಟಿ ಗೋಡೆಯ ಗಾಡಿಯಲ್ಲಾದರೆ ಒಳಗೆ ಕಣ್ಣಿಗೆ ಕಾಣದ ಹಾಗೆ ಇಟ್ಟು, ಕಿಟಕಿ ಮುಚ್ಚಿರಬೇಕು. ಇಲ್ಲದಿದ್ದರೆ ಸೈಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಇಂಗಿನ ಡಬ್ಬಿಗೆ ಮೂರು ಕವರ್ ಸುತ್ತಿದ್ದೇನೆ.

ಜೂನ್: ಅಪ್ಪರ್ ಪೈನ್ಸ್

ಫ್ರಿಜ್ಜನ್ನು ಹಿಂದಿನ ದಿನವೇ ಹಾಕಿಟ್ಟೆವು, ಗ್ಯಾಸ್ ಫ್ರಿಜ್ ತಣ್ಣಗಾಗಲು ತುಂಬಾ ಹೊತ್ತು. ಫ್ರೀಮಾಂಟ್‌ನ ನಮ್ಮ ಮನೆಯಿಂದ ಮರ್ಸೆಡ್, ಮಾರಿಪೋಸಾ, ಅಲ್ಲಿಂದ 140ನೇ ಹೆದ್ದಾರಿ. 120ನೇ ಹೆದ್ದಾರಿಯಲ್ಲಾದರೆ ಪ್ರೀಸ್ಟ್ ಗ್ರೇಡ್ ಅನ್ನುವ ಕಡಿದಾದ ಏರು ಹತ್ತಬೇಕು, ಈ ಗಾಡಿಗೆ ಅದು ಬೇಡ ಅಂದುಕೊಂಡೆವು. 140 ಮರ್ಸೆಡ್ ನದಿಯ ಪಕ್ಕದಲ್ಲೇ ಹೋಗುತ್ತದೆ. ಸೈಟಿಗೆ ಬಂದ ತಕ್ಷಣ ಚಕ್ರದ ಕೆಳಗೆ ಬ್ಲಾಕ್ ಇಟ್ಟು ಗಾಡಿ ಮಟ್ಟ ಮಾಡಿದೆವು. ಮಟ್ಟ ಇಲ್ಲದಿದ್ದರೆ ಈ ಥರದ ಫ್ರಿಜ್ ಕೆಟ್ಟೇ ಹೋಗುತ್ತದೆ.

ಲೆಕ್ಕ ನಡೆಯಿತು. ದಿನಕ್ಕೆ ಮೂವರ ಸ್ನಾನ, ಸರದಿ ಪ್ರಕಾರ, 24 ಲೀಟರ್. ಪಾತ್ರೆಗೆ 12. ಮುಖ, ಕೈ, ಹಲ್ಲು ಎಲ್ಲ ಸೇರಿ 15. ಬಾಗಿಲ ಹಿಂದೆ ಹಾಳೆ ಅಂಟಿಸಿ ಮಗಳು ಗೀಟು ಹಾಕುತ್ತಾ ಬಂದಳು. ಕೊಳೆ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಕ್ಯಾಂಪ್‌ಗ್ರೌಂಡಿನ ಹತ್ತಿರವೇ ಇದೆ, ಆದರೆ ಅಲ್ಲಿಗೆ ಹೋಗಲು ಎಲ್ಲ ಕಟ್ಟಿ ಗಾಡಿ ಎಬ್ಬಿಸಬೇಕು. ನಡುವೆ ಒಂದೇ ಸಲ ಹೋದೆವು. ಮಾವನಿಗೆ ಬಕೆಟ್ ಸ್ನಾನ ಹಿಡಿಸಲಿಲ್ಲ. ಕಣಿವೆಯಲ್ಲೇ ಇರುವ ಕರಿ ವಿಲೇಜ್ ಅನ್ನುವ ವಸತಿ ತಾಣದಲ್ಲಿ ದುಡ್ಡು ಕೊಟ್ಟು ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ಉಚಿತ ಶಟಲ್ ಬಸ್ಸಿನಲ್ಲಿ ಊರೆಲ್ಲ ಸುತ್ತಿಬಂದರು.

ಯೊಸೆಮಿಟಿ ಜಲಪಾತ ನೋಡಿ ಜೋಗದ ಚರ್ಚೆ ಬರಲೇಬೇಕು, ಬಂತು. ಇದು 739 ಮೀಟರ್, ಜೋಗ 253. ಮಾವ ಒಪ್ಪಲಿಲ್ಲ, "ಇದು ಮೂರು ತುಂಡು ಸೇರಿಸಿ ಹೇಳಿದ ಲೆಕ್ಕ ಕಣಮ್ಮಾ" ಅಂದರು. ಅದೂ ನಿಜವೇ. ಇಲ್ಲಿ ಹಿಮ ಕರಗುವ ಮೇ, ಜೂನ್‌ನಲ್ಲಿ ಭೋರ್ಗರೆತ, ಆಗಸ್ಟ್ ಹೊತ್ತಿಗೆ ಬಂಡೆ ಒಣಗಿರುತ್ತದೆ. ಜೋಗದಲ್ಲಿ ನೀರು ಜೋರಾಗುವುದೇ ಆಗ.

ಅತ್ತೆ ಮಿರರ್ ಲೇಕ್‌ವರೆಗೆ ನಡೆದರು, ಹೋಗಲು ಒಂದು ಮೈಲಿ, ಡಾಂಬರು ದಾರಿ. ನೇರ ಮೇಲೆ ಹಾಫ್ ಡೋಮ್ ಅನ್ನುವ ಭಾರಿ ಬಂಡೆ. ಅವರಿಗೆ ಬೆರಗಾದದ್ದು ಬಂಡೆಯಲ್ಲ. ನಾಗರಹೊಳೆಯಲ್ಲಿ ಸಫಾರಿ ಗಾಡಿಯಿಂದ ಕಾಲು ಕೆಳಗಿಡಲು ಬಿಡುವುದಿಲ್ಲ, ಇಲ್ಲಿ ಕಾಡಿನೊಳಗೆ ಒಗ್ಗರಣೆ ಹಾಕುತ್ತಿದ್ದೇವಲ್ಲ, ಅದು. ನಮ್ಮಲ್ಲಿರುವಂತೆ ಇಲ್ಲಿ ಆನೆ, ಹುಲಿ ಇಲ್ಲ ಅಂದೆ. ಕರಡಿ ನಮಗೆ ಕಾಣಲೇ ಇಲ್ಲ. ಸ್ಟೆಲ್ಲರ್ಸ್ ಜೇ ಅನ್ನುವ ಕಪ್ಪು ಜುಟ್ಟಿನ ನೀಲಿ ಹಕ್ಕಿಯೊಂದು ಮಾವನ ತಟ್ಟೆಯಿಂದ ಕೋಡುಬಳೆ ಎತ್ತಿಕೊಂಡು ಹೋಯಿತು.

1903ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಕಾಡು ಉಳಿಸಲು ದುಡಿದ ಬರಹಗಾರ ಜಾನ್ ಮ್ಯೂರ್ ಜೊತೆ ಇದೇ ಯೊಸೆಮಿಟಿಯಲ್ಲಿ ಬಯಲಲ್ಲಿ ಮಲಗಿದ್ದರಂತೆ. ಸಂಜೆ 5ಕ್ಕೆ ಸರಿಯಾಗಿ ಸುತ್ತಲಿನ ಜನರೇಟರ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಅವರ ನೆನಪಾಯಿತು. ನಮ್ಮದನ್ನೂ ಎರಡು ಸಲ ಹಾಕಿದೆವು, ಸುಳ್ಳು ಹೇಳುವುದಿಲ್ಲ.

ಜುಲೈ: ಬಾಕಿ ಕೆಲಸ

ಬ್ಯಾಟರಿಗೆ ಶಂಟ್ (ಒಳಬರುವ, ಹೊರಹೋಗುವ ಕರೆಂಟ್ ಅಳೆಯುವ ಭಾಗ) ಇರುವ ಮಾನಿಟರ್ ಹಾಕಬೇಕು, ವೋಲ್ಟ್ ನೋಡಿ ಲಿಥಿಯಂನಲ್ಲಿ ಎಷ್ಟು ಉಳಿದಿದೆ ಅಂತ ಹೇಳಲಾಗದು. ಚಕ್ರವಿರುವ ಕೊಳೆ ನೀರಿನ ಟ್ಯಾಂಕ್ ಒಂದು ಬೇಕು. ಅದಿದ್ದರೆ ಗಾಡಿ ಎಬ್ಬಿಸದೆ ಗ್ರೇ ನೀರು ಎಳೆದೊಯ್ದು ಸುರಿದು ಬರಬಹುದು. ಸಿಂಕಿನ ಜಾಲರಿ ಇನ್ನೂ ಸಣ್ಣ ಕಣ್ಣಿನದಾಗಬೇಕು, ಸಾಸಿವೆ ಈಗಲೂ ನುಸುಳುತ್ತಿದೆ.

ಮುಂದೆ ಸೆಕೋಯಾ ರಾಷ್ಟ್ರೀಯ ಉದ್ಯಾನಕ್ಕೆ ಅಂತ ಮಗನ ಹಠ. ಆದರೆ ಅಲ್ಲಿನ ಜನರಲ್ಸ್ ಹೈವೇಯಲ್ಲಿ ಪಾಟ್‌ವಿಷಾದಿಂದ ಜೈಂಟ್ ಫಾರೆಸ್ಟ್‌ವರೆಗಿನ ತಿರುವುಗಳಲ್ಲಿ 22 ಅಡಿಗಿಂತ ಉದ್ದದ ಗಾಡಿ ತರಬೇಡಿ ಅನ್ನುತ್ತಾರೆ. ನಮ್ಮದು 25. ಫ್ರೆಸ್ನೊ ಕಡೆಯಿಂದ 180ನೇ ಹೆದ್ದಾರಿ ಹಿಡಿದು, ಪಕ್ಕದ ಕಿಂಗ್ಸ್ ಕ್ಯಾನ್ಯನ್ ಉದ್ಯಾನದ ಮೂಲಕ ಸುತ್ತಿ ಹೋಗಬಹುದು. ನಕ್ಷೆ ನೋಡುತ್ತಿದ್ದೇನೆ.